ಮೊದಲು ಆ ಹನ್ನೊಂದು ಕುದುರೆ ಹುಡುಕೋಣ

ನಿಮ್ಮ ಹುಡುಗ ಆ ಕಪ್ಪು ಆರ್‌ಎಕ್ಸ್ 100 ತಂದು ಕಾಂಪೌಂಡಿನೊಳಗೆ ನಿಲ್ಲಿಸಿದಾಗಿನಿಂದ ನನ್ನ ಕಣ್ಣು ಈ ಬೇಲಿಯ ಕಡೆಗೇ. ಟ್ಯಾಂಕಿಗೆ ಪೆಟ್ಟು ಬಿದ್ದಿಲ್ಲ, ಮಡ್‌ಗಾರ್ಡಿನ ಕ್ರೋಮ್ ಇನ್ನೂ ಹೊಳೆಯುತ್ತಿದೆ, ಪಕ್ಕದ ಕವರುಗಳೂ ಇವೆ. ಒಳ್ಳೆಯ ಗಾಡಿಯೇ ಸಿಕ್ಕಿದೆ ಅವನಿಗೆ. ಆದರೆ ನಿನ್ನೆ ಅವನು ತೋರಿಸಿದ ಚೀಟಿ ಇದೆಯಲ್ಲ, ಅದರ ಬಗ್ಗೆ ನಿಮ್ಮ ಹತ್ತಿರ ನಾಲ್ಕು ಮಾತು ಆಡಲೇಬೇಕು. ಸೈಲೆನ್ಸರಿನ ಜಾಗಕ್ಕೆ ಹಾಕುವ ಉಬ್ಬು ಕೊಳವೆ ಎಕ್ಸ್‌ಪ್ಯಾನ್ಶನ್ ಚೇಂಬರ್, ಸಿಲಿಂಡರಿನ ಕಿಂಡಿಗಳನ್ನು ಕೊರೆದು ಅಗಲಿಸುವ ಪೋರ್ಟಿಂಗ್, ಕೋನ್ ಫಿಲ್ಟರ್, ಇರಿಡಿಯಂ ಪ್ಲಗ್, ಆಮೇಲೆ ಆರ್‌ಎಕ್ಸ್ 135ರ ಬ್ಲಾಕು. ಅಷ್ಟಕ್ಕೆ ಅವನು ಕೂಡಿಟ್ಟ ದುಡ್ಡು ಖಾಲಿ. ಬ್ರೇಕ್ ಶೂ ಅನ್ನುವ ಹೆಸರು ಚೀಟಿಯಲ್ಲಿ ಎಲ್ಲೂ ಇಲ್ಲ. ಗಾಡಿ ಇನ್ನಷ್ಟು ಎಳೆಯಬೇಕು ಅನ್ನುವ ಆಸೆ ಆ ವಯಸ್ಸಿಗೆ ಸಹಜ, ಈ ವಯಸ್ಸಿಗೂ ಸಹಜವೇ. ನನ್ನ ತಕರಾರು ಇರುವುದು ಕ್ರಮದ ಬಗ್ಗೆ.

ಆ ಎಂಜಿನ್ ಎಂಥದ್ದು ನೋಡಿ. 50 ಮಿಲಿಮೀಟರ್ ಬೋರ್, 50 ಮಿಲಿಮೀಟರ್ ಸ್ಟ್ರೋಕ್, ಒಟ್ಟು 98 ಸಿ.ಸಿ. 1985ರಲ್ಲಿ ಎಸ್ಕಾರ್ಟ್ಸ್ ಜೊತೆ ಕೈಜೋಡಿಸಿ ಯಮಹಾ ಇದನ್ನು ಬಿಟ್ಟಾಗ 7,500 ಆರ್‌ಪಿಎಂಗೆ 11 ಕುದುರೆ ಶಕ್ತಿ ಕೊಡುತ್ತಿತ್ತು. ಗಾಡಿಯ ತೂಕ 103 ಕಿಲೋ ಅಷ್ಟೇ. ಇವತ್ತು ಬೀದಿ ತುಂಬ ಓಡಾಡುವ ಸ್ಪ್ಲೆಂಡರಿನ ಎಂಜಿನ್ನೂ ಹೆಚ್ಚುಕಡಿಮೆ ಅಷ್ಟೇ ದೊಡ್ಡದು, 97.2 ಸಿ.ಸಿ. ಅದು ಕೊಡುವುದು ಸುಮಾರು 8 ಕುದುರೆ. ಎರಡು ಸ್ಟ್ರೋಕಿನದ್ದು ಕ್ರ್ಯಾಂಕ್ ತಿರುಗಿದ ಪ್ರತಿ ಸುತ್ತಿಗೂ ಉರಿಯುತ್ತದೆ, ನಾಲ್ಕು ಸ್ಟ್ರೋಕಿನದ್ದು ಎರಡು ಸುತ್ತಿಗೊಮ್ಮೆ. ಹೊಗೆ, ಪೆಟ್ರೋಲಿನ ಖರ್ಚು, ಮೂಗಿಗೆ ಹತ್ತುವ ಎಣ್ಣೆಯ ವಾಸನೆ ಎಲ್ಲವೂ ಅದರ ಜೊತೆಗೇ ಬರುತ್ತವೆ. ಆದರೆ ಮೂರನೇ ಗೇರಿನಲ್ಲಿ ಕೈ ತಿರುಗಿಸಿದಾಗ ಅದು ಎಳೆಯುವ ರೀತಿ ಇದೆಯಲ್ಲ, ಅದಕ್ಕೇ ಇಷ್ಟು ವರ್ಷವಾದರೂ ಹುಡುಗರು ಅದರ ಹಿಂದೆ ಬೀಳುವುದು.

ಈಗ ನನ್ನ ಪ್ರಶ್ನೆ ಇಷ್ಟೇ. ಆ 11 ಕುದುರೆಯಲ್ಲಿ ಇವತ್ತು ಎಷ್ಟು ಉಳಿದಿವೆ? 1996ಕ್ಕೆ ಆ ಮಾದರಿ ನಿಂತೇಹೋಯಿತು. ಅಂದರೆ ಎಷ್ಟು ಹೊಸದು ಅಂದುಕೊಂಡರೂ ಆ ಗಾಡಿಗೆ ನಿಮ್ಮ ಹುಡುಗನಿಗಿಂತ ಹೆಚ್ಚು ವಯಸ್ಸು. ಕಾರ್ಖಾನೆ ಕೊಟ್ಟದ್ದರಲ್ಲಿ ಎಷ್ಟೋ ಸೋರಿಹೋಗಿದೆ. ಕಳೆದುಹೋದದ್ದನ್ನು ವಾಪಸ್ ತರುವುದೇ ಎಲ್ಲಕ್ಕಿಂತ ಅಗ್ಗದ ಅಪ್‌ಗ್ರೇಡ್. ಅದಕ್ಕೆ ಬೇಕಾಗುವುದು ನೂರರ ಲೆಕ್ಕದ ಸಾಮಾನು, ಒಂದಿಷ್ಟು ತಾಳ್ಮೆ.

ಮೊದಲು ಕಾರ್ಬನ್. ಪೆಟ್ರೋಲಿನ ಜೊತೆ 2ಟಿ ಎಣ್ಣೆಯೂ ಉರಿಯುತ್ತದಲ್ಲ, ಅದರ ಮಸಿ ಹೆಡ್ಡಿನಲ್ಲಿ, ಪಿಸ್ಟನ್ ತಲೆಯ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಎಕ್ಸಾಸ್ಟ್ ಪೋರ್ಟಿನ ಅಂಚಿನಲ್ಲಿ ಗಟ್ಟಿಯಾಗಿ ಕೂರುತ್ತದೆ. ಪೋರ್ಟಿನ ಬಾಯಿ ಕಿರಿದಾಗುತ್ತಾ ಬರುತ್ತದೆ. ಸೈಲೆನ್ಸರಿನೊಳಗಿನ ಬ್ಯಾಫಲ್ ಕೊಳವೆಯ ಸಣ್ಣ ತೂತುಗಳು ಮುಚ್ಚಿಕೊಳ್ಳುತ್ತವೆ. ಹೊಗೆ ಆಚೆ ಹೋಗದಿದ್ದರೆ ಹೊಸ ಗಾಳಿ ಎಲ್ಲಿಂದ ಒಳಗೆ ಬರಬೇಕು? ಬ್ಯಾಫಲ್ ಬಿಚ್ಚಿ ಸುಟ್ಟು ಕೆರೆದು, ಪೋರ್ಟನ್ನು ಮರದ ಚೂಪಿನಿಂದಲೋ ಮೆದು ಅಲ್ಯೂಮಿನಿಯಂ ಪಟ್ಟಿಯಿಂದಲೋ ಕೆರೆದು ಸ್ವಚ್ಛ ಮಾಡಿದರೆ ಸಾಕು, ಗಾಡಿ ಗುರುತೇ ಸಿಗದಷ್ಟು ಬದಲಾಗುತ್ತದೆ. ಸ್ಕ್ರೂಡ್ರೈವರ್ ಹಾಕಿ ಕೆರೆಯುವವರ ಕೈಗೆ ಮಾತ್ರ ಕೊಡಬೇಡಿ, ಪೋರ್ಟಿನ ಅಂಚು ಹಾಳಾಗುತ್ತದೆ. ಕೆರೆಯುವಾಗ ಪಿಸ್ಟನ್ ಕೆಳಗಿಳಿದು ಪೋರ್ಟ್ ಪೂರ್ತಿ ತೆರೆದಿರಬೇಕು, ಕೆಳಗೆ ಬಿದ್ದ ಚೂರನ್ನೆಲ್ಲ ಬಟ್ಟೆಯಿಂದ ಒರೆಸಿ ತೆಗೆಯಬೇಕು.

ಆಮೇಲೆ ಕ್ರ್ಯಾಂಕಿನ ಆಯಿಲ್ ಸೀಲುಗಳು. ಇದನ್ನು ಯಾರೂ ಹುಡುಗರಿಗೆ ಹೇಳುವುದಿಲ್ಲ, ಏಕೆಂದರೆ ಇದು ಹೊರಗೆ ಕಾಣುವುದಿಲ್ಲ, ಯಾರಿಗೂ ತೋರಿಸಿಕೊಳ್ಳುವಂಥದ್ದೂ ಅಲ್ಲ. ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಕ್ರ್ಯಾಂಕ್‌ಕೇಸೇ ಒಂದು ಪಂಪು. ಪಿಸ್ಟನ್ ಮೇಲೆ ಹೋದಾಗ ಗಾಳಿ–ಪೆಟ್ರೋಲಿನ ಮಿಶ್ರಣ ಕೆಳಗೆ ತುಂಬಿಕೊಳ್ಳಬೇಕು, ಕೆಳಗೆ ಬಂದಾಗ ಅದನ್ನು ಒತ್ತಿ ಟ್ರಾನ್ಸ್‌ಫರ್ ಪೋರ್ಟುಗಳ ಮೂಲಕ ಮೇಲಕ್ಕೆ ತಳ್ಳಬೇಕು. ಸೀಲಿನ ರಬ್ಬರು ಗಟ್ಟಿಯಾಗಿ ಬಿರುಕು ಬಿಟ್ಟರೆ ಆ ಪಂಪಿಗೇ ತೂತು ಬಿದ್ದ ಹಾಗಾಯಿತು. ಮ್ಯಾಗ್ನೆಟ್ ಕಡೆಯ ಸೀಲ್ ಹೋದರೆ ಹೊರಗಿನ ಗಾಳಿ ನುಗ್ಗಿ ಮಿಶ್ರಣ ಬಡವಾಗುತ್ತದೆ, ಅಂದರೆ ಗಾಳಿ ಹೆಚ್ಚಾಗಿ ಪೆಟ್ರೋಲ್ ಸಾಲದಾಗುತ್ತದೆ. ಕೈ ಬಿಟ್ಟರೂ ಎಂಜಿನ್ ಇಳಿಯದೆ ಕೂಗುತ್ತಲೇ ಇರುತ್ತದೆ, ಕೊನೆಗೆ ಒಂದು ದಿನ ಉದ್ದದ ರಸ್ತೆಯಲ್ಲಿ ಪಿಸ್ಟನ್ ಜಾಮ್. ಕ್ಲಚ್ ಕಡೆಯ ಸೀಲ್ ಹೋದರೆ ಗೇರ್ ಆಯಿಲನ್ನೇ ಎಳೆದುಕೊಂಡು ಬಿಳಿ ಹೊಗೆ ಕಾರುತ್ತದೆ. ಸೀಲುಗಳ ಬೆಲೆ ಒಂದು ಸಿನಿಮಾ ಟಿಕೆಟ್ಟಿಗಿಂತ ಹೆಚ್ಚಿಲ್ಲ. ಹಾಕುವ ಕೂಲಿ ಅದಕ್ಕಿಂತ ಜಾಸ್ತಿ, ಆದರೂ ಚೇಂಬರಿಗೆ ಸುರಿಯುವ ದುಡ್ಡಿನ ಮುಂದೆ ಅದು ಏನೇನೂ ಅಲ್ಲ. ಈ ಸೀಲ್ ಬದಲಿಸದೆ ಪೋರ್ಟಿಂಗ್ ಮಾಡಿಸುವ ಮಾತನ್ನು ನಾನು ಒಪ್ಪುವುದಿಲ್ಲ.

ರೀಡ್ ವಾಲ್ವನ್ನೂ ಆಗಲೇ ಬಿಚ್ಚಿ ನೋಡಲಿ. ಕಾರ್ಬುರೇಟರಿಗೂ ಸಿಲಿಂಡರಿಗೂ ನಡುವೆ ಇರುವ ತೆಳು ಎಸಳುಗಳು. ಬೆಳಕಿಗೆ ಹಿಡಿದಾಗ ಸಂದಿಯಲ್ಲಿ ಬೆಳಕು ತೂರಿಬರಬಾರದು, ತುದಿ ಒಡೆದಿರಬಾರದು. ಒಡೆದ ಚೂರು ಒಳಗೆ ಬಿದ್ದರೆ ಸಿಲಿಂಡರ್ ಗೀರುತ್ತದೆ.

ಇಷ್ಟಾದ ಮೇಲೂ ಕಿಕ್ ಹೊಡೆದಾಗ ಕಾಲಿಗೆ ಬಿಗಿ ಸಿಗದಿದ್ದರೆ ಬ್ಲಾಕ್ ಸವೆದಿದೆ ಎಂದರ್ಥ. ಬೋರ್ ಹೊಡೆಸಬೇಕು. ಪಿಸ್ಟನ್ನುಗಳು 0.25 ಮಿಲಿಮೀಟರ್ ಲೆಕ್ಕದಲ್ಲಿ ದಪ್ಪವಾಗುತ್ತಾ ಸಿಗುತ್ತವೆ: 50.25, 50.50, ಹೀಗೆ. ಇಲ್ಲಿ ಒಂದು ಸೂಕ್ಷ್ಮವಿದೆ, ಇದನ್ನು ಹುಡುಗನಿಗೆ ಖಂಡಿತ ಹೇಳಿ. ಬೋರ್ ಮಾಡಿದ ಮೇಲೆ ಪೋರ್ಟುಗಳ ಅಂಚು ಬ್ಲೇಡಿನಷ್ಟು ಹರಿತವಾಗಿರುತ್ತದೆ. ಸಣ್ಣ ಅರವನ್ನೋ ಎಮರಿ ಕಾಗದವನ್ನೋ ಹಿಡಿದು ಆ ಅಂಚನ್ನು ಮೃದುವಾಗಿ ಇಳಿಜಾರು ಮಾಡಬೇಕು, ಇಲ್ಲದಿದ್ದರೆ ರಿಂಗ್ ಅಲ್ಲಿ ಸಿಕ್ಕಿಕೊಂಡು ಮುರಿಯುತ್ತದೆ. ಐದು ನಿಮಿಷದ ಕೆಲಸ, ಅವಸರದ ಲೇತ್ ಅಂಗಡಿಗಳಲ್ಲಿ ಬಿಟ್ಟೇಬಿಡುತ್ತಾರೆ. ಪಿಸ್ಟನ್ನಿಗೂ ಗೋಡೆಗೂ ನಡುವಿನ ಸಂದು ಒಂದು ಮಿಲಿಮೀಟರನ್ನು ನೂರು ಭಾಗ ಮಾಡಿದರೆ ಅದರಲ್ಲಿ ನಾಲ್ಕು ಭಾಗದ ಆಸುಪಾಸು. ಆ ಅಳತೆಯನ್ನು ಕಣ್ಣಂದಾಜಿನಲ್ಲಿ ಮಾಡುವವನ ಹತ್ತಿರ ಹೋಗಬಾರದು, ಮೈಕ್ರೋಮೀಟರ್ ಕೈಯಲ್ಲಿ ಹಿಡಿಯುವವನ ಹತ್ತಿರ ಹೋಗಬೇಕು.

ಮೈಸೂರಿನಲ್ಲಿ ಅಂಥವರಿಗೆ ಬರವಿಲ್ಲ, ಅದೇ ನಮ್ಮ ಭಾಗ್ಯ. 1961ರಲ್ಲಿ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಶುರುವಾಯಿತು, ಜಯಚಾಮರಾಜೇಂದ್ರ ಒಡೆಯರೇ ಬಂದು ಉದ್ಘಾಟಿಸಿದ್ದು. ಜೆಕೊಸ್ಲೊವಾಕಿಯಾದ ಜಾವಾ ಇಲ್ಲಿ ಯೆಜ್ಡಿಯಾಯಿತು, ರೋಡ್‌ಕಿಂಗ್ ಬಂತು. 1996ರಲ್ಲಿ ಕಾರ್ಖಾನೆ ಬಾಗಿಲು ಮುಚ್ಚಿತು. ನೋಡಿ, ಯೆಜ್ಡಿಯೂ ಆರ್‌ಎಕ್ಸ್ 100 ಕೂಡ ನಿಂತದ್ದು ಒಂದೇ ವರ್ಷ. ಆದರೆ ಮೂವತ್ತೈದು ವರ್ಷ ಈ ಊರಿನಲ್ಲಿ ಎರಡು ಸ್ಟ್ರೋಕಿನ ಎಂಜಿನ್ ಕೂಡಿಸಿದ ವಿದ್ಯೆ ಬಾಗಿಲು ಮುಚ್ಚಿದ ಕೂಡಲೇ ಆವಿಯಾಗುವುದಿಲ್ಲ. ಪ್ರತಿ ಜುಲೈನಲ್ಲಿ ಜಾವಾ ದಿನದಂದು ಸಾಲುಗಟ್ಟಿ ಹೊರಡುವ ಹಳೇ ಗಾಡಿಗಳ ಶಬ್ದ ಕೇಳಿದವರಿಗೆ ಅದು ಗೊತ್ತು. ಒಂದೊಂದು ಗಾಡಿಯ ಹಿಂದೆಯೂ ಕಿವಿಯಲ್ಲೇ ಎಂಜಿನ್ನಿನ ರೋಗ ಹಿಡಿಯುವ ಒಬ್ಬ ಮೇಸ್ತ್ರಿ ಇರುತ್ತಾನೆ. ನಿಮ್ಮ ಹುಡುಗ ಬಣ್ಣದ ಬೋರ್ಡಿನ ಅಂಗಡಿ ಬಿಟ್ಟು ಅಂಥವರೊಬ್ಬರ ಪಕ್ಕ ನಾಲ್ಕು ಭಾನುವಾರ ಕೂರಲಿ.

ಇನ್ನು ಕಾರ್ಬುರೇಟರು. ದುಡ್ಡಿಗೆ ಹೋಲಿಸಿದರೆ ಇಷ್ಟು ಫಲ ಕೊಡುವ ಕೆಲಸ ಮತ್ತೊಂದಿಲ್ಲ. ಪೆಟ್ರೋಲ್ ಚೆನ್ನಾಗಿ ಉರಿಯಬೇಕಾದರೆ ಒಂದು ಗ್ರಾಂ ಪೆಟ್ರೋಲಿಗೆ 14.7 ಗ್ರಾಂ ಗಾಳಿ ಬೇಕು. ಅದು ಶುದ್ಧ ಪೆಟ್ರೋಲಿನ ಲೆಕ್ಕ. ಎಥನಾಲಿಗೆ 9 ಗ್ರಾಂ ಗಾಳಿ ಸಾಕು. 2025ರ ಹೊತ್ತಿಗೆ ನಮ್ಮ ಬಂಕುಗಳ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಬೆರೆತಾಯಿತು. ಎಂಬತ್ತರ ದಶಕದ ಪೆಟ್ರೋಲಿಗೆ ಕೂರಿಸಿದ ಜೆಟ್ ಈಗಲೂ ಅಷ್ಟೇ ತೂತಿನಿಂದ ಬಿಡುತ್ತಿದ್ದರೆ ಎಂಜಿನ್ನಿನ ಪಾಲಿಗೆ ಮಿಶ್ರಣ ಬಡವಾಯಿತು. ಬಡವಾದ ಮಿಶ್ರಣ ಬಿಸಿಯಾಗಿ ಉರಿಯುತ್ತದೆ. ಎರಡು ಸ್ಟ್ರೋಕಿನದ್ದಕ್ಕೆ ಅದು ಪ್ರಾಣಾಂತಿಕ. ಹಾಗಾಗಿ ಮೇನ್ ಜೆಟ್ ಒಂದು ಸೈಜು ಏರಿಸಿ ನೋಡಬೇಕು. ಪೂರ್ತಿ ಕೈ ತಿರುಗಿಸಿ ಒಂದಿಷ್ಟು ದೂರ ಓಡಿಸಿ, ಒಮ್ಮೆಲೇ ಕ್ಲಚ್ ಹಿಡಿದು ಎಂಜಿನ್ ಆಫ್ ಮಾಡಿ, ಪ್ಲಗ್ ಬಿಚ್ಚಿ ನೋಡುವುದು. ಬಿಸ್ಕತ್ತಿನ ಕಂದು ಬಣ್ಣವಿದ್ದರೆ ಸರಿ. ಬೆಳ್ಳಗಿದ್ದರೆ ಇನ್ನೂ ಬಡ, ಕಪ್ಪಗೆ ಹಸಿಯಾಗಿದ್ದರೆ ಅತಿಯಾಯಿತು. ನಡುವಿನ ಓಟಕ್ಕೆ ಸೂಜಿಯ ಕ್ಲಿಪ್ಪಿದೆ. ಕ್ಲಿಪ್ಪನ್ನು ಒಂದು ಕಚ್ಚು ಕೆಳಗಿಳಿಸಿದರೆ ಸೂಜಿ ಮೇಲೇಳುತ್ತದೆ, ಪೆಟ್ರೋಲ್ ಹೆಚ್ಚುತ್ತದೆ. ಇವಕ್ಕೆಲ್ಲ ಖರ್ಚು ಒಂದು ಹಿತ್ತಾಳೆ ಜೆಟ್ಟಿನದ್ದು ಮಾತ್ರ. ಜೊತೆಗೆ ಹಳೇ ಪೆಟ್ರೋಲ್ ಪೈಪು, ಕಾರ್ಬುರೇಟರಿನ ರಬ್ಬರ್ ಗ್ಯಾಸ್ಕೆಟ್ ಬದಲಿಸಲಿ, ಎಥನಾಲ್ ಹಳೇ ರಬ್ಬರನ್ನು ಕೆಡಿಸುತ್ತದೆ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಕಾರ್ಬುರೇಟರಿನ ಬಟ್ಟಲು ಖಾಲಿ ಮಾಡಿಯೇ ನಿಲ್ಲಿಸಲಿ, ಎಥನಾಲ್ ನೀರನ್ನು ಹೀರುವ ವಸ್ತು.

ಊರಿನ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಮಂಗಳೂರಿಗಿಂತ ಮೈಸೂರಿನ ಗಾಳಿ ಸುಮಾರು ಶೇ. 7ರಷ್ಟು ತೆಳು, ಮಡಿಕೇರಿಯಲ್ಲಿ ಶೇ. 10ಕ್ಕೂ ಮೇಲೆ. ಕರಾವಳಿಯ ನೆಂಟರು ಟ್ಯೂನ್ ಮಾಡಿಸಿದ ಗಾಡಿ ಘಟ್ಟ ಹತ್ತಿದ ಮೇಲೆ ಯಾಕೋ ಕೆಮ್ಮುತ್ತದೆ ಅನ್ನುತ್ತಾರಲ್ಲ, ಕಾರಣ ಇದೇ. ಮಂಗಳೂರಿನವನ ಜೆಟ್ ನಂಬರನ್ನು ಮೈಸೂರಿನಲ್ಲಿ ಕಾಪಿ ಹೊಡೆಯಬಾರದು.

ಕೋನ್ ಫಿಲ್ಟರ್ ನನಗೆ ಇಷ್ಟವಿಲ್ಲ, ನೇರವಾಗಿಯೇ ಹೇಳುತ್ತೇನೆ. ಏರ್‌ಬಾಕ್ಸ್ ಅಂದರೆ ಬರೀ ಡಬ್ಬಿಯಲ್ಲ. ಗಾಳಿಯ ಅಲೆ ಶಾಂತವಾಗಿ ಬರಲೆಂದು ಅಳತೆ ಮಾಡಿ ಇಟ್ಟದ್ದು. ಅದನ್ನು ಕಿತ್ತು ಕೋನ್ ಸಿಕ್ಕಿಸಿದರೆ ಹೀರುವ ಸದ್ದು ಜೋರಾಗುತ್ತದೆ, ಹುಡುಗರಿಗೆ ಅದೇ ಶಕ್ತಿ ಅನ್ನಿಸುತ್ತದೆ. ನಡುವಿನ ಆರ್‌ಪಿಎಂನಲ್ಲಿ ಮಾತ್ರ ಗಾಡಿ ತಡವರಿಸುತ್ತದೆ. ನಮ್ಮ ರಿಂಗ್ ರೋಡಿನ ಧೂಳು ಬೇರೆ. ಒರಿಜಿನಲ್ ಸ್ಪಂಜನ್ನು ತೊಳೆದು ಒಣಗಿಸಿ ಎಣ್ಣೆ ಹಿಂಡಿ ಹಾಕಿದರೆ ಸಾಕು. ಇರಿಡಿಯಂ ಪ್ಲಗ್ ಬಾಳಿಕೆ ಬರುತ್ತದೆ, ಕುದುರೆ ಹೆಚ್ಚಿಸುವುದಿಲ್ಲ. ಹೈ ಆಕ್ಟೇನ್ ಪೆಟ್ರೋಲೂ ಅಷ್ಟೇ, ನಾಕಿಂಗ್ ಇಲ್ಲದ ಎಂಜಿನ್ನಿಗೆ ಅದರಿಂದ ಬಲ ಬರುವುದಿಲ್ಲ.

ಅವನು ಅಷ್ಟು ಆಸೆಪಟ್ಟ ಚೇಂಬರಿನ ಕಥೆ ಮಾತ್ರ ನಿಜಕ್ಕೂ ದೊಡ್ಡದು, ಅವನಿಗೂ ಹೇಳಿ. ಪೂರ್ವ ಜರ್ಮನಿಯ ಸ್ಚೋಪಾವ್ ಎಂಬ ಊರಿನಲ್ಲಿ ಎಂಜೆಡ್ ಎಂಬ ಕಾರ್ಖಾನೆ. ಅಲ್ಲಿ ವಾಲ್ಟರ್ ಕಾಡೆನ್ ಎಂಬ ಎಂಜಿನಿಯರ್. ಯುದ್ಧಕಾಲದಲ್ಲಿ ಪೀನೆಮುಂಡೆಯ ಕ್ಷಿಪಣಿ ಕೇಂದ್ರದಲ್ಲಿ ಕೆಲಸ ಮಾಡಿದ್ದವನು. ಸಿಲಿಂಡರಿನಿಂದ ಹೊರಬಿದ್ದ ಹೊಗೆಯ ಜೊತೆ ಒಂದು ಒತ್ತಡದ ಅಲೆಯೂ ಕೊಳವೆಯಲ್ಲಿ ಓಡುತ್ತದೆ ಎಂಬುದನ್ನು ಹಿಡಿದು ಕೂತ. ಕೊಳವೆ ಅಗಲವಾಗುವ ಕಡೆ ಆ ಅಲೆ ಎಳೆತವಾಗಿ ಮರಳುತ್ತದೆ, ಸಿಲಿಂಡರಿನ ಉಳಿದ ಹೊಗೆಯನ್ನೂ ಆಚೆಗೆ ಸೆಳೆಯುತ್ತದೆ. ಮುಂದೆ ಕೊಳವೆ ಕಿರಿದಾಗುವ ಕಡೆ ಅದು ಒತ್ತಡವಾಗಿ ಹಿಂದಿರುಗಿ, ಪೋರ್ಟಿನಿಂದ ತಪ್ಪಿಸಿಕೊಂಡು ಹೊರಟ ಹೊಸ ಮಿಶ್ರಣವನ್ನು ಮತ್ತೆ ಒಳಗೆ ತಳ್ಳುತ್ತದೆ. ಉಯ್ಯಾಲೆ ವಾಪಸ್ ಬರುವ ಗಳಿಗೆಗೆ ಸರಿಯಾಗಿ ತಳ್ಳಿದ ಹಾಗೆ, ಅಲೆ ಮರಳುವ ಕ್ಷಣ ಪೋರ್ಟ್ ಮುಚ್ಚುವ ಕ್ಷಣಕ್ಕೆ ಹೊಂದಿಕೊಳ್ಳಬೇಕು. 1961ರ ಹೊತ್ತಿಗೆ ಅವನ 125 ಸಿ.ಸಿ. ಎಂಜಿನ್ 25 ಕುದುರೆ ಮುಟ್ಟಿತು. ಲೀಟರಿಗೆ 200 ಕುದುರೆ! ಅದೇ ವರ್ಷ ಅವನ ಸವಾರ ಅರ್ನ್‌ಸ್ಟ್ ಡೆಗ್ನರ್ ಸ್ವೀಡನ್ನಿನ ರೇಸಿನಿಂದ ಪೂರ್ವ ಜರ್ಮನಿಗೆ ಮರಳಲೇ ಇಲ್ಲ. ತನಗೆ ಗೊತ್ತಿದ್ದುದನ್ನೆಲ್ಲ ಜಪಾನಿನ ಸುಜುಕಿಗೆ ಒಯ್ದ. ಮರುವರ್ಷ ಸುಜುಕಿಯ ಮೇಲೆ 50 ಸಿ.ಸಿ. ವಿಶ್ವ ಚಾಂಪಿಯನ್ ಆದ. ಜಪಾನಿನ ಎರಡು ಸ್ಟ್ರೋಕ್ ಗಾಡಿಗಳ ಆಮೇಲಿನ ವೈಭವದಲ್ಲಿ ಆ ಸ್ಚೋಪಾವಿನ ವಿದ್ಯೆಯ ಪಾಲು ದೊಡ್ಡದು. ತನ್ನ ಬದುಕನ್ನೆಲ್ಲ ಒಂದು ಕೊಳವೆಯ ಆಕಾರಕ್ಕೆ ಮುಡಿಪಿಟ್ಟ ಆ ಕಾಡೆನ್ ಬಗ್ಗೆ ನನಗೆ ಅಪಾರ ಗೌರವ.

ಆ ಗೌರವದಿಂದಲೇ ಹೇಳುತ್ತೇನೆ, ತಗಡು ಸುತ್ತಿ ಬೆಸುಗೆ ಹಾಕಿ ಮಾರುವ ಎಲ್ಲ ಚೇಂಬರಿನಲ್ಲೂ ಅವನ ಲೆಕ್ಕ ಇರುವುದಿಲ್ಲ. ಪೋರ್ಟಿನ ಟೈಮಿಂಗ್, ಬೇಕಾದ ಆರ್‌ಪಿಎಂ, ಹೊಗೆಯ ಶಾಖ ಮೂರೂ ಗೊತ್ತಿದ್ದು ಉದ್ದ ನಿರ್ಧರಿಸಬೇಕು. ಲೆಕ್ಕ ಸರಿಯಿದ್ದರೂ ಶಕ್ತಿ ಮೇಲಿನ ಆರ್‌ಪಿಎಂನ ಒಂದು ಸಣ್ಣ ಪಟ್ಟಿಗೆ ಸರಿಯುತ್ತದೆ. ರೇಸ್ ಟ್ರ್ಯಾಕಿನಲ್ಲಿ ಅದು ಚಂದ. ಸಿಗ್ನಲ್ಲು, ಹಂಪು, ಶಾಲೆ ಬಿಡುವ ಹೊತ್ತಿನ ಮಕ್ಕಳ ನಡುವೆ ದಿನಾ ಓಡಿಸುವವನಿಗೆ ಬೇಕಾದ ಕೆಳಗಿನ ಎಳೆತ ಹೊರಟೇಹೋಗುತ್ತದೆ. ಮೇಲಾಗಿ ಸದ್ದು. ಎದುರು ಮನೆಯ ಅಜ್ಜಿಗೆ ಮಧ್ಯಾಹ್ನ ನಿದ್ದೆ ಬೇಕು. ಹೆಚ್ಚು ಸದ್ದಿಗೂ ಹೊಗೆಗೂ ಮೊದಲ ಸಲವೇ 10,000 ರೂಪಾಯಿ ತನಕ ದಂಡ ಹಾಕಬಹುದು. ನಮ್ಮ ರಾಜ್ಯದಲ್ಲೇ ಪೊಲೀಸರು ಕಿತ್ತ ಸೈಲೆನ್ಸರುಗಳ ಮೇಲೆ ರೋಡ್ ರೋಲರ್ ಹರಿಸಿದ್ದನ್ನು ನೀವೂ ಪೇಪರಿನಲ್ಲಿ ನೋಡಿರುತ್ತೀರಿ.

135ರ ಬ್ಲಾಕಿನ ಆಕರ್ಷಣೆ ನನಗೆ ಅರ್ಥವಾಗುತ್ತದೆ. ಆರ್‌ಎಕ್ಸ್ 135ರ ಸ್ಟ್ರೋಕೂ 50 ಮಿಲಿಮೀಟರೇ, ಬೋರ್ ಮಾತ್ರ 58. ಅಲ್ಲಿಗೆ 132 ಸಿ.ಸಿ. ಆದರೆ ಆರ್.ಸಿ. ಪುಸ್ತಕದಲ್ಲಿ 98 ಅಂತಲೇ ಇರುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕಾರ್ಖಾನೆ ಕೊಟ್ಟ ಮೂಲ ವಿವರ ಬದಲಿಸುವುದನ್ನು ತಡೆಯುತ್ತದೆ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಮಾಲೀಕನಿಗೆ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಆರು ತಿಂಗಳ ತನಕ ಜೈಲೂ ಆಗಬಹುದು. ದಂಡ ಕಟ್ಟಿಬಿಡಬಹುದು ಅಂತಲೇ ಇಟ್ಟುಕೊಳ್ಳಿ. ಅಪಘಾತವಾಗಿ ಯಾರಿಗಾದರೂ ಏಟಾದಾಗ ಇನ್ಶೂರೆನ್ಸಿನವರು ಎಂಜಿನ್ ನೋಡಿ ತಕರಾರು ತೆಗೆದರೆ ಮನೆಯವರೆಲ್ಲ ಒದ್ದಾಡಬೇಕಾಗುತ್ತದೆ.

ಹಾಗಾದರೆ ಎಳೆತ ಹೆಚ್ಚಿಸುವ ಸರಳ ದಾರಿಯೇ ಇಲ್ಲವೇ ಅಂದರೆ, ಇದೆ. ಸ್ಪ್ರಾಕೆಟ್. ಮುಂದಿನ ಸ್ಪ್ರಾಕೆಟ್ಟಿನಲ್ಲಿ 14 ಹಲ್ಲಿದ್ದರೆ 13ರದ್ದು ಹಾಕಿ. ಹಿಂದಿನ ಚಕ್ರಕ್ಕೆ ಸಿಗುವ ಎಳೆತ ಶೇ. 7ಕ್ಕಿಂತ ಸ್ವಲ್ಪ ಹೆಚ್ಚೇ ಏರುತ್ತದೆ, ಎಂಜಿನ್ ಮುಟ್ಟುವುದೇ ಬೇಡ. ಅಷ್ಟೇ ಪ್ರಮಾಣದಲ್ಲಿ ಮೇಲಿನ ವೇಗ ಕಡಿಮೆಯಾಗುತ್ತದೆ, ಹೆದ್ದಾರಿಯಲ್ಲಿ ಎಂಜಿನ್ ಹೆಚ್ಚು ತಿರುಗುತ್ತದೆ. ಚಾಮುಂಡಿ ಬೆಟ್ಟಕ್ಕೆ ಇಬ್ಬರನ್ನು ಕೂರಿಸಿಕೊಂಡು ಹತ್ತುವವನಿಗೆ, ಆಗುಂಬೆಯ 14 ತಿರುವುಗಳಲ್ಲಿ ಎರಡನೇ ಗೇರು ಸಾಲದೆ ಒದ್ದಾಡುವವನಿಗೆ ಇದೊಂದೇ ಸಾಕು. ಹಾಕುವಾಗ ಎರಡೂ ಸ್ಪ್ರಾಕೆಟ್, ಚೈನ್ ಸೆಟ್ಟಾಗಿಯೇ ಬದಲಿಸುವುದು ಒಳ್ಳೆಯದು. ಸವೆದ ಚೈನಿನ ಮೇಲೆ ಹೊಸ ಹಲ್ಲು ಕೂರುವುದಿಲ್ಲ. ಟೈರಿನ ಗಾಳಿ ವಾರಕ್ಕೊಮ್ಮೆ ನೋಡಲಿ, ಬ್ರೇಕ್ ಅಂಟಿಕೊಂಡು ಚಕ್ರ ಬಿಗಿಯಾಗಿ ತಿರುಗುತ್ತಿದೆಯೋ ಅಂತ ಸ್ಟ್ಯಾಂಡ್ ಹಾಕಿ ತಿರುಗಿಸಿ ನೋಡಲಿ. ಎಷ್ಟೋ ಗಾಡಿಗಳ ಅರ್ಧ ಕುದುರೆ ಅಲ್ಲೇ ಸತ್ತಿರುತ್ತದೆ.

ನಿಮ್ಮ ಅಳಿಯಂದಿರ ಹೊಸ ಗಾಡಿಯ ವಿಷಯ ಬೇರೆ. 2020ರ ಬಿಎಸ್6 ಆದ ಮೇಲೆ ಕಾರ್ಬುರೇಟರ್ ಹೋಗಿ ಫ್ಯೂಯಲ್ ಇಂಜೆಕ್ಷನ್ ಬಂತು. ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಕಂಪ್ಯೂಟರೇ ಪೆಟ್ರೋಲ್ ಅಳೆದು ಬಿಡುತ್ತದೆ. ಅದಕ್ಕೆ ಏರ್ ಫಿಲ್ಟರ್, ಟ್ಯಾಪೆಟ್ ಸಂದು, ಚೈನು, ಥ್ರಾಟಲ್ ಬಾಡಿಯ ಮಸಿ, ಇಷ್ಟು ನೋಡಿಕೊಂಡರೆ ಸಾಕು. ಅಗ್ಗದ ಚಿಪ್ಪು ಸಿಕ್ಕಿಸಿ ಸೆನ್ಸರಿಗೆ ಸುಳ್ಳು ಹೇಳಿಸುವುದು ಬೇಡ.

ಕೊನೆಗೆ ಬ್ರೇಕು. ಆರ್‌ಎಕ್ಸ್‌ಗೆ ಎರಡೂ ಕಡೆ ಡ್ರಮ್ಮೇ. 11 ಕುದುರೆ ನಿಜಕ್ಕೂ ವಾಪಸ್ ಬಂದರೆ ಆ ಹಗುರ ಗಾಡಿ ಹಾರುತ್ತದೆ, ಹಿಡಿದು ನಿಲ್ಲಿಸಲು ಸವೆದ ಶೂ, ಹಗ್ಗದಂತೆ ಎಳೆದ ಕೇಬಲ್ ಸಾಲುವುದಿಲ್ಲ. ಹೊಸ ಶೂ ಹಾಕಿ, ಡ್ರಮ್ ಒಳಗೆ ಗೀರು ಬಿದ್ದಿದ್ದರೆ ಲೇತಿನಲ್ಲಿ ಸ್ವಲ್ಪ ಹಿಡಿಸಿ, ಕ್ಯಾಮ್ ಪಿನ್ನಿಗೆ ಗ್ರೀಸ್ ಸವರಿ, ಹೊಸ ಕೇಬಲ್ ಎಳೆಸಿ. ಇದನ್ನು ಎಂಜಿನ್ ಬಿಚ್ಚುವ ಮೊದಲೇ ಮಾಡಬೇಕು. ಆಮೇಲೆ ಕಾರ್ಬನ್, ಸೀಲು, ರೀಡು, ಬೇಕಿದ್ದರೆ ಬೋರು, ಜೆಟ್ಟು, ಸ್ಪ್ರಾಕೆಟ್ಟು. ಹೊಸ ಪಿಸ್ಟನ್ ಹಾಕಿದರೆ ಮೊದಲ 500 ಕಿಲೋಮೀಟರ್ ಪೂರ್ತಿ ಕೈ ತಿರುಗಿಸಕೂಡದು, ಒಂದೇ ವೇಗದಲ್ಲೂ ಹಿಡಿದಿಡಕೂಡದು, ಏರಿಸಿ ಇಳಿಸಿ ಓಡಿಸಬೇಕು. ಇಷ್ಟೆಲ್ಲ ಆದ ಮೇಲೂ ಅವನಿಗೆ ಚೇಂಬರ್ ಬೇಕೇಬೇಕು ಅನ್ನಿಸಿದರೆ ಟ್ರ್ಯಾಕಿಗೆಂದೇ ಒಂದು ಗುಜರಿ ಎಂಜಿನ್ ಹುಡುಕಿಕೊಳ್ಳಲಿ, ಲೆಕ್ಕ ಹಾಕಲು ನಾನೂ ಜೊತೆಗೆ ಕೂರುತ್ತೇನೆ. ಬ್ರೇಕಿನಿಂದಲೇ ಶುರು ಮಾಡೋಣ: ಭಾನುವಾರ ಬೆಳಿಗ್ಗೆ ಮುಂದಿನ ಚಕ್ರ ಬಿಚ್ಚಿಟ್ಟಿರಲು ಹೇಳಿ, ಸ್ಪ್ಯಾನರ್ ಸಿಗದಿದ್ದರೆ ನನ್ನ ಹತ್ತಿರ ಇದೆ.